ಅಕ್ಕನ ಮಾತ್ರೆ, ನನ್ನ ಬಸ್ಸಿನ ಮೆಟ್ಟಿಲು

ಬಸ್ಸಿನ ಎಡಗಡೆಯ ಕನ್ನಡಿಯಲ್ಲಿ ಡ್ರೈವರಿಗೆ ಜನರ ಮುಖಕ್ಕಿಂತ ಹೆಚ್ಚಾಗಿ ಕಾಣುವುದು ಅವರ ಕಾಲು. ನರಸಿಂಹರಾಜಪುರದಿಂದ ಕೊಪ್ಪ, ಕೊಪ್ಪದಿಂದ ಹರಿಹರಪುರ ಹಾದು ಶೃಂಗೇರಿ ಎಂದು ಒಂದೇ ದಾರಿಯಲ್ಲಿ ಪ್ರೈವೇಟ್ ಬಸ್ಸು ಓಡಿಸಿ ಓಡಿಸಿ, ನನಗೆ ಮುಖ ಮರೆತರೂ ಕಾಲು ಮರೆಯುವುದಿಲ್ಲ. ಬಾಳಗಡಿಯಲ್ಲಿ ಹತ್ತುವ ಕಾಲೇಜು ಮಕ್ಕಳು ಮೆಟ್ಟಿಲನ್ನು ಮುಟ್ಟುವುದೇ ಇಲ್ಲ, ಹಾರುತ್ತಾರೆ. ಅವರಿಗೆ ಬೈದೇ ನನ್ನ ಗಂಟಲು ಹೋಗಿದೆ. ಮಂಡಿ ನೋವಿನವರು ಒಂದು ಕಾಲಿಟ್ಟು, ಅದರ ಪಕ್ಕಕ್ಕೆ ಇನ್ನೊಂದನ್ನು ತಂದು, ಉಸಿರು ಬಿಟ್ಟು ಮುಂದಿನ ಮೆಟ್ಟಿಲಿಗೆ ಹೋಗುತ್ತಾರೆ. ನನ್ನ ಅಕ್ಕ ಮಾತ್ರ ಕಂಬಿ ಹಿಡಿಯದೆ ಹತ್ತುವವಳು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕೊಡೆ, ಹತ್ತುತ್ತಿರುವಾಗಲೇ ಕಂಡಕ್ಟರಿಗೆ ಒಂದು ಮಾತು. ಹರಿಹರಪುರ ದಾಟಿದ ಮೇಲೆ ಸಿಗುವ ಒಂದು ತಿರುವಿನಲ್ಲಿ ಅವಳ ಮನೆ.

ಅಕ್ಕ ನನ್ನನ್ನು ಎತ್ತಿ ಆಡಿಸಿದವಳು, ಹೊಡೆದು ಶಾಲೆಗೆ ಕಳಿಸಿದವಳು. ಕೊಯ್ಲಿನ ಕಾಲದಲ್ಲಿ ತೋಟದವರ ಮನೆಗಳಿಗೆ ಅಡಿಕೆ ಸುಲಿಯಲು ಹೋಗುತ್ತಾಳೆ. ಸುಲಿಯುವ ಮೆಟ್ಟುಕತ್ತಿಯ ಮುಂದೆ ನೆಲದಲ್ಲಿ ಕೂತರೆ ಹೊತ್ತು ಇಳಿಯುವ ತನಕ ಏಳುವ ಪೈಕಿ ಅಲ್ಲ. ಕೆಲವು ವರ್ಷಗಳ ಹಿಂದೆ ಎದೆನೋವು ಬಂದು ಅವಳಿಗೆ ಸ್ಟೆಂಟ್ ಹಾಕಿಸಿದೆವು. ಅಲ್ಲಿಂದ ಮುಂದೆ ಮಾತ್ರೆಗಳು: ರಕ್ತ ತೆಳುವಾಗಿಸುವುದೊಂದು, ಬಿ.ಪಿ.ಗೆ ಒಂದು, ಕೊಬ್ಬು ಇಳಿಸುವ ಸ್ಟ್ಯಾಟಿನ್ ಒಂದು. ನಮ್ಮ ಅಪ್ಪ ದನದ ಹಟ್ಟಿಯ ಬಾಗಿಲಲ್ಲಿ ಹುಲ್ಲಿನ ಹೊರೆ ಹೊತ್ತುಕೊಂಡೇ ಕುಸಿದವರು. ಹೊರೆ ಇಳಿಸಿ ನೋಡುವಾಗ ಜೀವ ಇರಲಿಲ್ಲ. ಹಾಗಾಗಿ ಅಕ್ಕನ ಎದೆಯ ಬಗ್ಗೆ ಅವಳಿಗಿಂತ ನನಗೇ ಹೆದರಿಕೆ ಹೆಚ್ಚು.

ಒಂದು ವರ್ಷ ಬೇಸಿಗೆಯ ಬಾಯಿಗೆ ಅವಳಿಗೆ ಮಂಗನ ಕಾಯಿಲೆ ಬಂತು. ಕೊಟ್ಟಿಗೆಗೆ ಹಾಸಲು ಕಾಡಿನಲ್ಲಿ ಒಣ ಎಲೆ ಗುಡಿಸಲು ಹೋದಾಗ ಉಣುಗು ಕಚ್ಚಿರಬೇಕು. ಆಸ್ಪತ್ರೆಯಲ್ಲಿ ಲಿವರಿನ ಅಂಕಿಗಳು ಏರಿವೆ ಎಂದು ಎದೆಯ ಮಾತ್ರೆಗಳನ್ನು ನಿಲ್ಲಿಸಿದರು. ಆಮೇಲೆ ಒಂದೊಂದನ್ನೇ ಮತ್ತೆ ಶುರು ಮಾಡಿಸಿದರು. ಸ್ಟ್ಯಾಟಿನ್ ಮಾತ್ರ ಲಿವರ್ ಪೂರ್ತಿ ಸರಿಯಾಗಲಿ, ಮತ್ತೆ ಬಂದು ತೋರಿಸಿ, ಆಗ ಹೇಳುತ್ತೇವೆ ಎಂದರು. ಅಕ್ಕ ಮತ್ತೆ ಹೋಗಲಿಲ್ಲ. ಜ್ವರ ಬಿಟ್ಟಿತ್ತು, ಗದ್ದೆ ಕೆಲಸ ಬಂದಿತ್ತು, ಒಂದು ಮಾತ್ರೆ ಕಡಿಮೆಯಾದದ್ದು ಅವಳಿಗೆ ಲಾಭವಾಗಿಯೇ ಕಂಡಿತ್ತು.

ನಮ್ಮ ಕಡೆ ಬಸ್ಸು ಜನರನ್ನು ಮಾತ್ರ ಒಯ್ಯುವುದಿಲ್ಲ. ನನ್ನ ಸೀಟಿನ ಪಕ್ಕ ಒಂದು ತಗಡಿನ ಡಬ್ಬಿ ಇದೆ. ಬೆಳಿಗ್ಗೆ ಸ್ಟಾಪಿನಲ್ಲಿ ನಿಂತವರು ಮಾತ್ರೆಯ ಖಾಲಿ ಶೀಟನ್ನು ಅದಕ್ಕೆ ಹಾಕುತ್ತಾರೆ. ಕೊಪ್ಪದಲ್ಲಿ ಕಂಡಕ್ಟರ್ ಅದನ್ನು ಔಷಧಿ ಅಂಗಡಿಗೆ ಕೊಟ್ಟರೆ, ನಾವು ತಿರುಗಿ ಹೊರಡುವಾಗ ಅದೇ ಮಾತ್ರೆ ರಬ್ಬರ್ ಬ್ಯಾಂಡ್ ಹಾಕಿದ ಪೊಟ್ಟಣವಾಗಿ ಬರುತ್ತದೆ. ಬಿ.ಪಿ., ಸಕ್ಕರೆ, ಥೈರಾಯ್ಡ್, ದನದ ಜಂತಿನ ಔಷಧಿ, ಎಲ್ಲವೂ ಹೀಗೆಯೇ. ಮಳೆಯಲ್ಲಿ ಇಡೀ ದಿನ ಹಾಳು ಮಾಡಿಕೊಂಡು ಪೇಟೆಗೆ ಬರುವ ಬದಲು ಇದು ಎಷ್ಟೋ ವಾಸಿ. ಶೀಟು ತೋರಿಸಿದರೆ ಹೆಸರು ಓದಬೇಕಿಲ್ಲ, ಹೇಳಬೇಕಿಲ್ಲ. ಡಾಕ್ಟರನ್ನು ಕೇಳಬೇಕು ಎಂಬುದೂ ನೆನಪಾಗುವುದಿಲ್ಲ.

ಮಳೆಗಾಲದ ನಡುವೆ ಅಕ್ಕನಿಗೆ ಸೊಂಟದ ಸುತ್ತ ಹುಳಕಡ್ಡಿ ಎದ್ದಿತು. ಒದ್ದೆ ಬಟ್ಟೆಯಲ್ಲಿ ಕೆಲಸ ಮಾಡುವವರಿಗೆ ಅದೇನು ಹೊಸದಲ್ಲ. ಶೃಂಗೇರಿಯಲ್ಲಿ ಒಬ್ಬರು ಡಾಕ್ಟರಿಗೆ ತೋರಿಸಿ ಕ್ಯಾಪ್ಸೂಲ್ ಬರೆಸಿಕೊಂಡಳು. ಬೇರೆ ಏನಾದರೂ ಮಾತ್ರೆ ತಿನ್ನುತ್ತೀರಾ ಎಂದು ಅವರು ಕೇಳಿದಾಗ ಬಿ.ಪಿ.ಯದ್ದು, ರಕ್ತದ್ದು ಎಂದು ಹೇಳಿದಳು. ಆಗ ಅದು ನಿಜವೇ. ಮೊದಲ ಶೀಟು ಮುಗಿದ ಮೇಲೆ ಎರಡನೆಯದನ್ನು ನನ್ನ ಡಬ್ಬಿಯಲ್ಲೇ ತರಿಸಿಕೊಂಡಳು.

ಅಷ್ಟರಲ್ಲಿ ಹಿರೇಕೊಡಿಗೆಯಲ್ಲಿ ಭಾವನ ದಾಯಾದಿಯೊಬ್ಬರು ತೀರಿಕೊಂಡರು. ಊಟ ಮುಗಿಸಿ ಕೈ ತೊಳೆಯಲು ಎದ್ದವರು ಹಾಗೆಯೇ ಹೋದರಂತೆ. ಸಾವಿನ ಮನೆಗೆ ಹೋಗಿ ಬಂದ ಅಕ್ಕನಿಗೆ ತಾನು ಬಿಟ್ಟ ಮಾತ್ರೆ ನೆನಪಾಯಿತು. ಮರುದಿನ ಬೆಳಿಗ್ಗೆ ಸ್ಟಾಪಿನಲ್ಲಿ ನಿಂತು, ಹಳೆಯದೊಂದು ಖಾಲಿ ಶೀಟನ್ನು ನನ್ನ ಡಬ್ಬಿಗೆ ಹಾಕಿದಳು.

“ಕೊಬ್ಬಿಂದು. ಮರೀದೇ ತಗೊಂಡು ಬಾ ಮಾರಾಯ. ಅಪ್ಪನ ಹಂಗೆ ಹೋಗೋದು ನಂಗೆ ಬೇಡ,” ಎಂದಳು.

ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು. ಸಂಜೆ ಪೊಟ್ಟಣವನ್ನು ಕಂಡಕ್ಟರನ ಕೈಗೂ ಕೊಡದೆ ಕಿಟಕಿಯಿಂದ ನಾನೇ ಅವಳ ಕೈಗಿಟ್ಟೆ.

ಅದಾಗಿ ಸುಮಾರು ಎರಡು ವಾರ ಕಳೆದಿರಬೇಕು. ಅಕ್ಕ ಶೃಂಗೇರಿಗೆ ಹೋಗಲು ಕೈ ತೋರಿಸಿದಳು, ಬಸ್ಸು ನಿಲ್ಲಿಸಿದೆ. ಕನ್ನಡಿಯಲ್ಲಿ ಅವಳ ಬಲಗಾಲು ನೆಲದಿಂದ ಎದ್ದಿತು, ಮೆಟ್ಟಿಲಿನ ಅಂಚಿಗೆ ತಾಗಿತು, ಕೆಳಗೆ ಬಿತ್ತು. ಇನ್ನೊಮ್ಮೆ ಎದ್ದಿತು, ಮತ್ತೆ ಬಿತ್ತು. ಆಮೇಲೆ ಅವಳು ಚೀಲವನ್ನು ಕೆಳಗಿಟ್ಟು, ಎರಡೂ ಕೈಯಿಂದ ತನ್ನದೇ ತೊಡೆಯನ್ನು ಹಿಡಿದು, ಅಕ್ಕಿಮೂಟೆ ಎತ್ತಿಡುವ ಹಾಗೆ ಕಾಲನ್ನು ಎತ್ತಿ ಮೆಟ್ಟಿಲ ಮೇಲಿಟ್ಟಳು. ಕಂಡಕ್ಟರ್ ರಟ್ಟೆ ಹಿಡಿದು ಎಳೆದುಕೊಂಡ.

“ಎಂತಾತು ಅಕ್ಕ?” ಎಂದು ತಿರುಗಿ ಕೇಳಿದೆ.

“ಎಂತ ಇಲ್ಲ. ನೀನು ರಸ್ತೆ ನೋಡಿ ಓಡಿಸು.”

ಹಿಂದಿನ ಸೀಟಿನಿಂದ ಯಾರೋ, ಮಂಗನ ಕಾಯಿಲೆಯ ಸುಸ್ತು ತಿಂಗಳುಗಟ್ಟಲೆ ಇರ್ತದಂತೆ ಎಂದರು. ಇನ್ನೊಬ್ಬರು ಮಳೆಗೆ ವಾತ ಎಂದರು. ಎಲ್ಲರಿಗೂ ಒಂದೊಂದು ಕಾರಣ ಗೊತ್ತಿತ್ತು. ನಮ್ಮ ಬಸ್ಸಿನಲ್ಲಿ ಟಿಕೆಟಿಗೆ ಚಿಲ್ಲರೆ ಕೊಡದವರಿದ್ದಾರೆ, ಬಿಟ್ಟಿ ಸಲಹೆ ಕೊಡದವರು ಒಬ್ಬರೂ ಇಲ್ಲ. ನಾನು ಗೇರು ಹಾಕಿದೆ. ಆದರೆ ಮಂಗನ ಕಾಯಿಲೆಯಿಂದ ಎದ್ದ ವಾರವೂ ಅವಳು ಹೀಗೆ ಹತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಮೆಲ್ಲಗೆ ಹತ್ತಿದ್ದಳು, ಕಾಲು ಮಾತು ಕೇಳುತ್ತಿತ್ತು.

ಮರುದಿನ ಕೊಪ್ಪದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿದ್ದಾಗ ಭಾವನ ಫೋನ್ ಬಂತು. ಭಾವ ಫೋನು ಮಾಡುವವರೇ ಅಲ್ಲ.

“ಎದ್ದೇಳಲಿಕ್ಕೇ ಆಗ್ತಿಲ್ಲ ಅವಳಿಗೆ. ನೆಲದಲ್ಲಿ ಕೂತವಳನ್ನ ನಾನೇ ಎತ್ತಿದೆ. ಮತ್ತೆ...” ಎಂದು ತಡೆದು, “ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣ ಹೋಗ್ತಿದೆ ಮಾರಾಯ,” ಎಂದರು.

ನಾನು ಕೀಲಿಯನ್ನು ಟೈಮ್ ಕೀಪರನ ಮೇಜಿನ ಮೇಲಿಟ್ಟು, ಬೇರೆ ಯಾರನ್ನಾದರೂ ಕಳಿಸು ಎಂದೆ. ಅವನು ನನ್ನ ಮುಖ ನೋಡಿ ಫೋನ್ ಕೈಗೆತ್ತಿಕೊಂಡ. ಗುರುತಿನವರ ಕಾರು ಹಿಡಿದು ಹೋಗಿ ಅಕ್ಕನನ್ನು ಕೊಪ್ಪಕ್ಕೆ ಕರೆತಂದೆ. ದಾರಿಯುದ್ದಕ್ಕೂ ಅವಳು ಒಂದು ಬೈಗುಳವನ್ನೂ ಬೈಯಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

ಅಲ್ಲಿನ ಆಸ್ಪತ್ರೆಯ ಡಾಕ್ಟರಮ್ಮ ಅವಳ ತೊಡೆ ಒತ್ತಿ ನೋಡಿ, ಕಾಲು ಎತ್ತಲು ಹೇಳಿ, ಮೂತ್ರ ಮತ್ತು ರಕ್ತ ತೆಗೆಸಿ, “ಏನೇನು ಮಾತ್ರೆ ತಗೋತಿದ್ದಾರೆ, ಒಂದೂ ಬಿಡದೆ ಹೇಳಿ,” ಎಂದರು. ಭಾವ ಮನೆಯಿಂದ ಮಾತ್ರೆಗಳನ್ನು ಅವುಗಳ ಡಬ್ಬಿ ಸಮೇತ ತಂದಿದ್ದರು. ಮೇಜಿನ ಮೇಲೆ ಸುರುವಿದಾಗ ಆ ಎರಡು ಶೀಟುಗಳನ್ನು ನಾನು ದೂರದಿಂದಲೇ ಗುರುತಿಸಿದೆ. ಎರಡೂ ನನ್ನ ಡಬ್ಬಿಯಲ್ಲಿ ಬಂದವು. ಡಾಕ್ಟರಮ್ಮ ಅವನ್ನು ಅಕ್ಕಪಕ್ಕ ಇಟ್ಟುಕೊಂಡು ಹೆಸರು ಓದಿದರು.

ಹುಳಕಡ್ಡಿಯ ಆ ಕ್ಯಾಪ್ಸೂಲ್ ಹೊಟ್ಟೆಗೆ ಹೋದರೆ, ಈ ಸ್ಟ್ಯಾಟಿನ್ ಮೈಯಿಂದ ಹೊರಗೆ ಹೋಗುವ ದಾರಿಯನ್ನು ಅದು ಕಟ್ಟಿಬಿಡುತ್ತದಂತೆ. ದಿನದಿನವೂ ತಿಂದದ್ದು ಒಳಗೇ ಸೇರಿಕೊಂಡು ಮಾಂಸಖಂಡವನ್ನೇ ಕರಗಿಸಲು ಶುರು ಮಾಡುತ್ತದೆ. ಕರಗಿದ್ದು ಮೂತ್ರದಲ್ಲಿ ಹೋಗುತ್ತದೆ, ಹೋಗುವಾಗ ಕಿಡ್ನಿಯನ್ನು ಹಾಳು ಮಾಡಬಹುದು. ಸಾಲದ್ದಕ್ಕೆ ಅಕ್ಕ ಕಳಿಸಿದ ಖಾಲಿ ಶೀಟು ಸ್ಟೆಂಟ್ ಹಾಕಿಸಿದ ಹೊಸದರಲ್ಲಿ ಬರೆದಿದ್ದ ದೊಡ್ಡ ಪ್ರಮಾಣದ್ದು. ಆಮೇಲೆ ಅದನ್ನು ಅರ್ಧಕ್ಕೆ ಇಳಿಸಿದ್ದರು. ಹಳೆಯ ಶೀಟುಗಳನ್ನು ಎಸೆಯದೆ ಗೋಡೆಯ ಸಂದಿಗೆ ಸಿಕ್ಕಿಸಿಡುವುದು ನಮ್ಮಲ್ಲಿ ಎಲ್ಲರ ಅಭ್ಯಾಸ. ಅವಳ ಕೈಗೆ ಸಿಕ್ಕಿದ್ದು ಅದು.

“ಮಾತ್ರೆ ಕೆಟ್ಟದ್ದಲ್ಲ, ಅದಕ್ಕೆ ಸಿಕ್ಕಿದ ಸಹವಾಸ ಕೆಟ್ಟದ್ದು,” ಎಂದರು ಡಾಕ್ಟರಮ್ಮ. ಎರಡನ್ನೂ ನಿಲ್ಲಿಸಿ ಡ್ರಿಪ್ ಹಾಕಿಸಿದರು. ಕಿಡ್ನಿಯ ರಿಪೋರ್ಟ್ ಬಂದ ಮೇಲೆ ದೊಡ್ಡಾಸ್ಪತ್ರೆಗೆ ಕಳಿಸಬೇಕೋ ಬೇಡವೋ ಹೇಳುತ್ತೇನೆ ಎಂದು ಹೋದರು.

ಆ ರಿಪೋರ್ಟಿಗೆ ಕಾದ ಹೊತ್ತನ್ನು ನಾನು ಮರೆಯುವುದಿಲ್ಲ. ಮಂಚದ ಕೆಳಗೆ ಮೂತ್ರದ ಚೀಲ ತೂಗುತ್ತಿತ್ತು. ಅದರ ಬಣ್ಣವನ್ನು ನೋಡುವುದು, ಹೊರಗೆ ಹೋಗುವುದು, ಮತ್ತೆ ಬಂದು ನೋಡುವುದು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ. ಶೃಂಗೇರಿಯ ಡಾಕ್ಟರು ಕೇಳಿಯೇ ಬರೆದಿದ್ದರು. ಅಂಗಡಿಯವರು ಶೀಟಿನಲ್ಲಿದ್ದದ್ದನ್ನೇ ಕೊಟ್ಟಿದ್ದರು. ಅಕ್ಕ ಬದುಕಬೇಕೆಂದೇ ತಿಂದಿದ್ದಳು. ಕಡೆಗೆ ಭಾವನ ಮೇಲೆ ರೇಗಿದೆ. ನೀವು ಮನೆಯಲ್ಲಿದ್ದು ಎಂತ ನೋಡ್ತೀರಿ ಎಂದೆ. ಮಂಚದ ಮೇಲಿಂದ ಅಕ್ಕ, “ಅವರಿಗೆಂತಕ್ಕೆ ಬೈತಿ? ಮನೆಗೆ ಮಾರಿ ಊರಿಗೆ ಉಪಕಾರಿ ನೀನು. ಊರಿನ ಮದ್ದೆಲ್ಲ ನಿನ್ನ ಡಬ್ಬಿಯಲ್ಲೇ ಬರೋದು,” ಎಂದಳು. ಅವಳು ಬೈದದ್ದು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು.

ಕಿಡ್ನಿ ಉಳಿದಿತ್ತು. ಕೆಲವು ದಿನಗಳಲ್ಲಿ ಮೂತ್ರದ ಬಣ್ಣ ತಿಳಿಯಾಯಿತು. ತಾನಾಗಿ ನೆಲದಿಂದ ಏಳಲು ಅವಳಿಗೆ ಇನ್ನೂ ಎಷ್ಟೋ ವಾರ ಬೇಕಾಯಿತು.

ಹೆದರಿಕೆ ಮುಗಿಯಿತು ಎಂದುಕೊಂಡೆ. ಅದು ಜಾಗ ಬದಲಾಯಿಸಿತ್ತು, ಅಷ್ಟೇ. ಮಳೆ ನಿಂತು ಹಬ್ಬದ ಹೊತ್ತಿಗೆ ಅವಳನ್ನು ತಪಾಸಣೆಗೆ ಕರೆದೊಯ್ದಾಗ ಡಾಕ್ಟರಮ್ಮ, ಕೊಬ್ಬು ಮತ್ತೆ ಏರಿದೆ, ಸ್ಟೆಂಟ್ ಇರುವ ಎದೆ, ಸ್ಟ್ಯಾಟಿನ್ ಮತ್ತೆ ಶುರು ಮಾಡಬೇಕು ಎಂದರು. ಅಕ್ಕ ಕುರ್ಚಿಯಿಂದ ಎದ್ದು ನಿಂತಳು.

“ಇಲ್ಲಮ್ಮ. ಬೇರೆ ಎಂತ ಬೇಕಾದ್ರೂ ಕೊಡಿ. ಅದು ಬೇಡ.”

“ಕೂತ್ಕೊಳ್ಳಿ. ಬೇಡ ಅಂದ್ರೆ ನಾನು ಬಾಯಿಗೆ ಹಾಕಲ್ಲ. ಆದ್ರೆ ಕೇಳಿ,” ಎಂದರು ಅವರು. ಆ ಕ್ಯಾಪ್ಸೂಲಿನ ಪ್ರಭಾವ ಮೈಯಿಂದ ಹೋಗಿ ತಿಂಗಳುಗಳಾಗಿವೆ. ಮಾಂಸಖಂಡದ ರಕ್ತಪರೀಕ್ಷೆ ಸರಿ ಬಂದಿದೆ. ಲಿವರ್ ಸರಿಯಿದೆ, ಕಿಡ್ನಿ ಸರಿಯಿದೆ. ಥೈರಾಯ್ಡ್ ಕಡಿಮೆಯಿದ್ದರೂ ಹೀಗಾಗಬಹುದು, ಅದನ್ನೂ ನೋಡಿದ್ದೇನೆ, ತೊಂದರೆಯಿಲ್ಲ. ಈಗ ಕೊಡುವುದು ಅದೇ ಜಾತಿಯ ಬೇರೆ ಮಾತ್ರೆ, ಚಿಕ್ಕದು, ದಿನ ಬಿಟ್ಟು ದಿನ. ಕೆಲವು ವಾರದ ನಂತರ ಮತ್ತೆ ರಕ್ತ ನೋಡಿ ಮುಂದಿನ ಮಾತು. ತೊಡೆ, ತೋಳು ಸೋತಂತಾದರೆ, ಮೂತ್ರ ಕಪ್ಪಾದರೆ, ಆ ಹೊತ್ತಿಗೇ ನಿಲ್ಲಿಸಿ ನೇರ ಬರಬೇಕು. ಯಾವ ಡಾಕ್ಟರ ಹತ್ತಿರ ಹೋದರೂ ಈ ಮಾತ್ರೆಯ ಹೆಸರು ಮೊದಲು ಹೇಳಬೇಕು.

ಮನೆಗೆ ಬಂದ ಮೇಲೆ ಅಕ್ಕ ಆ ಪೊಟ್ಟಣವನ್ನು ಬಿಚ್ಚಲಿಲ್ಲ. ನಾನು ವಾರದ ರಜೆಯಲ್ಲಿ ಹೋಗಿ ನೋಡಿದೆ, ರಬ್ಬರ್ ಬ್ಯಾಂಡ್ ಹಾಗೆಯೇ ಇತ್ತು. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂತೆ, ಎದೆ ಒಂದು ಕಡೆ ಎಳೆದರೆ ಕಾಲು ಇನ್ನೊಂದು ಕಡೆ ಎಳೆಯುತ್ತಿತ್ತು. ಅವಳು ಹೇಳುವುದರಲ್ಲೂ ನ್ಯಾಯವಿತ್ತು.

“ಎದೆ ನಿಂತ್ರೆ ಒಂದೇ ಸಲ ಹೋಗ್ತೆ. ಕಾಲು ಹೋದ್ರೆ? ನಿನ್ನ ಭಾವ ಎತ್ತಿ ಕೂರಿಸ್ಬೇಕು, ಎತ್ತಿ ಏಳಿಸ್ಬೇಕು. ಹಂಗೆ ಬದುಕೋದು ಬೇಡ ನಂಗೆ.”

“ಒಂದೇ ಸಲ ಹೋಗ್ತೆ ಅಂತ ನಿಂಗೆ ಯಾರು ಹೇಳಿದ್ರು? ಅಪ್ಪನ ಹೊರೆ ಇಳಿಸಿದ್ದು ನಾನು. ನಿನ್ನದನ್ನೂ ನಾನೇ ಇಳಿಸ್ಬೇಕಾ?” ಎಂದೆ. ನನ್ನ ದನಿ ಹಟ್ಟಿಯ ದನ ತಿರುಗಿ ನೋಡುವಷ್ಟು ಏರಿತ್ತು.

ಅಕ್ಕ ಪೊಟ್ಟಣವನ್ನು ಕೈಗೆತ್ತಿಕೊಂಡಳು. ಆಮೇಲೆ, “ಕಾಲು ಸೋಲ್ತಾ ಇದ್ರೆ ನಂಗೇ ಗೊತ್ತಾಗಲ್ಲ ಮಾರಾಯ. ಹೋದ ಸಲನೂ ಗೊತ್ತಾಗ್ಲಿಲ್ಲ. ನಿಂಗೆ ಕಂಡಿತ್ತಲ್ಲ?” ಎಂದಳು.

ಒಪ್ಪಂದ ಹಾಗೆ ಆಯಿತು: ಅವಳು ಮಾತ್ರೆ ತಿನ್ನಬೇಕು, ನಾನು ಅವಳ ಕಾಲು ನೋಡಬೇಕು. ಅವಳ ಮನೆಗೆ ಮೆಟ್ಟಿಲಿಲ್ಲ. ಭಾವನನ್ನು ಕೇಳಿದರೆ ಅಕ್ಕ ಹೇಳಿಕೊಟ್ಟದ್ದನ್ನೇ ಹೇಳುತ್ತಾರೆ. ಆದ್ದರಿಂದ ಅವಳು ದಿನಾ ಬೆಳಿಗ್ಗೆ ತಿರುವಿಗೆ ಬಂದು ನಿಲ್ಲುವುದು, ಬಸ್ಸಿನ ಮೆಟ್ಟಿಲು ಹತ್ತುವುದು, ನಾನು ಕನ್ನಡಿಯಲ್ಲಿ ನೋಡುವುದು, ಅವಳು ಇಳಿದು ಮನೆಗೆ ಹೋಗುವುದು. ಪ್ರೈವೇಟ್ ಬಸ್ಸಿನವರಿಗೆ ನಿಮಿಷ ಎಂದರೆ ಏನೆಂದು ಓಡಿಸಿದವರಿಗೇ ಗೊತ್ತು. ನನ್ನ ಬೆನ್ನಿಗೆ ಇನ್ನೊಂದು ಬಸ್ಸು ಇರುತ್ತದೆ, ನಾನು ತಡಮಾಡಿದರೆ ಮುಂದಿನ ಸ್ಟಾಪಿನ ಜನ ಅದಕ್ಕೆ. ಮೊದಲ ದಿನಗಳಲ್ಲಿ ಒಳಗಿದ್ದವರು ಗೊಣಗಿದರು. ಹತ್ತಿ ಇಳಿಯೋದಕ್ಕೆ ಎಂತಕ್ಕೆ ನಿಲ್ಲಿಸ್ತೀಯ ಮಾರಾಯ ಎಂದು ಒಬ್ಬರು ಕೇಳಿಯೇ ಬಿಟ್ಟರು. ಬೇಕಾದರೆ ಹಿಂದಿನ ಬಸ್ಸಿಗೆ ಬನ್ನಿ ಎಂದೆ. ಆಮೇಲೆ ಯಾರೂ ಕೇಳಲಿಲ್ಲ.

ಅವಳು ಕಂಬಿ ಹಿಡಿದೇ ಹತ್ತುತ್ತಿದ್ದಳು. ನಾನು ನೋಡುತ್ತಿದ್ದದ್ದು ಕಾಲು ಮೆಟ್ಟಿಲಿನ ಅಂಚಿಗೆ ತಾಗುತ್ತದೋ, ತಾಗದೆ ಮೇಲೆ ಹೋಗುತ್ತದೋ ಎಂದು. ಆ ದಿನಗಳಲ್ಲಿ ನಾನು ಎಲ್ಲಿದ್ದರೂ ನನ್ನ ಮನಸ್ಸು ಆ ತಿರುವಿನಲ್ಲಿಯೇ ಇರುತ್ತಿತ್ತು. ತಿರುವಿನಲ್ಲಿ ಅವಳ ಸೀರೆಯ ಬಣ್ಣ ಕಂಡರೆ ಅರ್ಧ ಸಮಾಧಾನ, ಕಾಲು ಮೇಲೆ ಬಂದರೆ ಉಳಿದರ್ಧ.

ಅಡಿಕೆ ಸುಲಿಯುವ ಕಾಲ ಬಂದಿತ್ತು. ಒಂದು ಬೆಳಿಗ್ಗೆ ಅವಳು ಎರಡೂ ಕೈಯಿಂದ ಕಂಬಿ ಹಿಡಿದಳು. ಕಾಲು ಮೇಲೆ ಬಂತು. ಆದರೆ ನಿಧಾನವಾಗಿ ಬಂತು, ಅವಳು ಮುಖ ಕಿವುಚಿದಳು. ನಾನು ಬ್ರೇಕ್ ಎಳೆದು, ಎಂಜಿನ್ ನಿಲ್ಲಿಸಿ, ನನ್ನ ಬಾಗಿಲಿಂದ ಇಳಿದು ಸುತ್ತಿಕೊಂಡು ಹೋದೆ.

“ನೋವಾ?”

“ತೊಡೆ ಸ್ವಲ್ಪ ಹಿಡಿದಂಗೆ. ನಿನ್ನೆಯಿಂದ.”

“ಮೂತ್ರ?”

ಇಡೀ ಬಸ್ಸು ಕಿಟಕಿಯಿಂದ ನೋಡುತ್ತಿತ್ತು. ಅಕ್ಕ ನನ್ನನ್ನು ಸುಡುವ ಹಾಗೆ ನೋಡಿ, “ಸರಿಯೇ ಇದೆ. ಮೈಕ್ ತಂದು ಕೇಳು,” ಎಂದಳು.

ಅವಳಿಗೆ ಮಾತ್ರೆ ಬಿಟ್ಟುಬಿಡುವ ಆಸೆ ಕಣ್ಣಲ್ಲೇ ಕಾಣುತ್ತಿತ್ತು. ನನಗೂ ಆ ಕ್ಷಣ ಬಿಡು ಮಾರಾಯ್ತಿ ಎನ್ನಬೇಕೆನಿಸಿತು. ಎನ್ನಲಿಲ್ಲ. ಶೃಂಗೇರಿಗೆ ಹೋಗಿ ತಿರುಗಿ ಬರುವಾಗ ಅವಳನ್ನು ಹತ್ತಿಸಿಕೊಂಡು ಕೊಪ್ಪಕ್ಕೆ ಕರೆದೊಯ್ದೆ. ಡಾಕ್ಟರಮ್ಮ ಕಾಲು ಎತ್ತಿಸಿ, ಒತ್ತಿ ನೋಡಿದರು. ನೋವಿದೆ, ಬಲ ಕುಂದಿಲ್ಲ ಎಂದರು. ರಕ್ತ ಪರೀಕ್ಷೆ ಮಾಡಿಸಿದರು. ಅಂಕಿ ಒಂದಿಷ್ಟೇ ಏರಿತ್ತು, ಹೆದರುವಷ್ಟಲ್ಲ.

“ಈಗೇನಾದ್ರೂ ಹೊಸ ಕೆಲಸ ಶುರು ಮಾಡಿದೀರಾ?” ಎಂದು ಕೇಳಿದರು.

ಅಕ್ಕ ನೆಲ ನೋಡಿದಳು. ನಮಗೆ ಯಾರಿಗೂ ಹೇಳದೆ ಸುಲಿಯಲು ಹೋಗತೊಡಗಿದ್ದಳು. ತಿಂಗಳುಗಟ್ಟಲೆ ಮಲಗಿ ಎದ್ದ ಕಾಲನ್ನು ಮಡಿಸಿ, ಇಡೀ ದಿನ ಮೆಟ್ಟುಕತ್ತಿಯ ಮುಂದೆ.

“ಮಾತ್ರೆ ಬಿಡ್ಬೇಡಿ. ಒಂದು ವಾರ ಮೆಟ್ಟುಕತ್ತಿ ಬಿಡಿ. ಆಮೇಲೆ ಮತ್ತೆ ರಕ್ತ ನೋಡೋಣ. ನೋವು ಯಾರದ್ದು ಅಂತ ಗೊತ್ತಾಗ್ತದೆ,” ಎಂದರು ಡಾಕ್ಟರಮ್ಮ. ಬಲ ಕುಂದಿದರೆ ಮಾತ್ರ ವಾರ ಕಾಯಬೇಡಿ ಎಂದು ನನಗೆ ಬೇರೆಯಾಗಿ ಹೇಳಿದರು.

ಆ ವಾರ ನನ್ನ ಜೀವಮಾನದ ಅತಿ ಉದ್ದದ ವಾರ. ಸೋಮವಾರ ಎರಡೂ ಕೈ ಕಂಬಿಯ ಮೇಲೆ. ಮರುದಿನವೂ ಹಾಗೆಯೇ. ಬುಧವಾರ ಅವಳು ಬರುವುದು ತಡವಾಗಿ, ನಾನು ಹಾರನ್ನಿನ ಮೇಲೆ ಕೈ ಇಟ್ಟೇ ಕೂತೆ, ಹಿಂದಿನ ಬಸ್ಸು ನಮ್ಮನ್ನು ದಾಟಿ ಹೋಯಿತು. ಕರುವಿಗೆ ಹಾಲು ಬಿಡುತ್ತಿದ್ದಳಂತೆ. ಶುಕ್ರವಾರ ಒಂದು ಕೈ. ವಾರದ ಕೊನೆಗೆ ನೋವು ಹೋಗಿತ್ತು, ಮಾತ್ರೆ ನಡೆದೇ ಇತ್ತು, ರಕ್ತದ ಅಂಕಿಯೂ ಇಳಿದಿತ್ತು. ನೋವು ಮೆಟ್ಟುಕತ್ತಿಯದ್ದು. ಅಕ್ಕ ಸುಲಿಯುವ ಕೆಲಸಕ್ಕೆ ಮತ್ತೆ ಹೋದಳು, ಮಧ್ಯೆ ಮಧ್ಯೆ ಎದ್ದು ಓಡಾಡುವ ಮಾತಿನ ಮೇಲೆ. ಆಮೇಲೆ ಮಾತ್ರೆ ದಿನವೂ ಆಯಿತು.

ಡಬ್ಬಿ ಈಗಲೂ ನನ್ನ ಸೀಟಿನ ಪಕ್ಕದಲ್ಲಿದೆ. ಶೀಟು ಹಾಕಲು ಬಂದವರನ್ನು, ಇದನ್ನು ನಡುವೆ ಬಿಟ್ಟಿದ್ದಿರಾ, ಹೊಸ ಮದ್ದು ಬೇರೆ ಏನಾದರೂ ತಿನ್ನುತ್ತಿದ್ದೀರಾ ಎಂದು ಕೇಳುತ್ತೇನೆ. ಹೌದು ಎಂದರೆ ಶೀಟು ವಾಪಸು ಕೊಟ್ಟು, ನೀವೇ ಬಸ್ಸು ಹತ್ತಿ ಬಂದು ಡಾಕ್ಟರಿಗೆ ತೋರಿಸಿ ಎನ್ನುತ್ತೇನೆ. ಡ್ರೈವರನಿಗೆ ಎಂತಕ್ಕೆ ಈ ಅಧಿಕಪ್ರಸಂಗ ಎಂದು ಬೈಸಿಕೊಂಡದ್ದೂ ಇದೆ.

ಚಳಿ ಕಡಿಮೆಯಾಗುತ್ತಿದ್ದ ಒಂದು ಬೆಳಿಗ್ಗೆ, ಶೃಂಗೇರಿಯಿಂದ ತಿರುಗಿ ಬರುವಾಗ ಅಕ್ಕ ಸ್ಟಾಪಿನಲ್ಲಿ ನಿಂತಿದ್ದಳು. ಕೊಬ್ಬಿನ ರಕ್ತಪರೀಕ್ಷೆಗೆ ಕೊಪ್ಪಕ್ಕೆ ಹೋಗುವ ದಿನ ಅದು. ಬಲಗೈಯಲ್ಲಿ ಚೀಲ. ಎಡಗಡೆ ಕಂಕುಳಲ್ಲಿ, ಡಾಕ್ಟರಮ್ಮನಿಗೆ ಕೊಡಬೇಕೆಂದು ಬೆಳೆಸಿದ್ದ ದೊಡ್ಡದೊಂದು ಸಿಹಿಗುಂಬಳ. ಕಂಡಕ್ಟರ್ ಕೈ ಚಾಚಿದ. ಅವಳು ನೋಡಲೂ ಇಲ್ಲ. ಕಾಲು ನೆಲ ಬಿಟ್ಟಿತು, ಮೊದಲ ಮೆಟ್ಟಿಲು, ಎರಡನೆಯದು, ಒಳಗೆ. ಎರಡೂ ಕೈ ತುಂಬಿದ್ದವು, ಕಂಬಿಯನ್ನು ಯಾರೂ ಹಿಡಿದಿರಲಿಲ್ಲ.

ಕಂಡಕ್ಟರ್ ಸೀಟಿ ಊದಿದ. ಇನ್ನೊಮ್ಮೆ ಊದಿದ. ಅಕ್ಕ ನನ್ನ ಸೀಟಿನ ಪಕ್ಕಕ್ಕೆ ಬಂದು, ಕುಂಬಳಕಾಯಿಯನ್ನು ಡಬ್ಬಿಯ ಮೇಲೆ ಇಟ್ಟು, ಸೆರಗಿನ ತುದಿಯಿಂದ ಖಾಲಿ ಶೀಟೊಂದನ್ನು ತೆಗೆದು ತೋರಿಸಿದಳು.

“ಇದನ್ನ ನಿನ್ನ ಡಬ್ಬಿಗೆ ಹಾಕಲ್ಲ. ಡಾಕ್ಟರಿಗೆ ತೋರಿಸಿ ನಾನೇ ತಗೋತೆ,” ಎಂದಳು. ಮತ್ತೆ, “ಎಂತ ಕನ್ನಡಿ ನೋಡ್ತಾ ಕೂತಿದ್ದಿ? ಹೊರಡು ಮಾರಾಯ, ಹಿಂದಿನ ಬಸ್ಸು ಬಂತು,” ಎಂದಳು.

ಕನ್ನಡಿಯಲ್ಲಿ ಆಗ ಖಾಲಿ ಮೆಟ್ಟಿಲು ಮಾತ್ರ ಇತ್ತು. ಅದೂ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ.